ಅಂಗೈಯಷ್ಟು ಇಂಜಿನ್

೧೯೮೬ರಲ್ಲಿ ಏಳನೆಯ ತರಗತಿಗೇ ಶಾಲೆ ಬಿಟ್ಟು, ಹುಣಸಗಿಯಲ್ಲಿ ಸೋದರಮಾವನ ಪಂಪ್ ರಿಪೇರಿ ಅಂಗಡಿ ಸೇರಿದೆ. ಈಗಲೂ ಎಣ್ಣೆ ಬೆರೆಸಿದ ಪೆಟ್ರೋಲಿನ ವಾಸನೆ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಒಂದು ಮಧ್ಯಾಹ್ನ ನಾರಾಯಣಪುರದ ಕಾಲುವೆ ಇಂಜಿನಿಯರ್ ಸಾಹೇಬರು ಅಂಗೈಯಷ್ಟು ಹಳೆಯ ಇಂಜಿನ್ ತಂದು, "ಇದು ಯಾವುದರದು ಹೇಳ್ರಿ ನೋಡೋಣ" ಎಂದರು.

"ಔಷಧ ಹೊಡಿಯೋ ಪಂಪಿಂದು ಬಿಡ್ರಿ," ಎಂದ ಮಾವ.

"ಅಲ್ಲ ಮಾವಾ, ಹಗ್ಗ ಸುತ್ತಿ ಚಾಲೂ ಮಾಡೋ ಗಾಲಿನೇ ಇಲ್ಲ. ಮುಂದ ಫ್ಯಾನ್ ಬಿಗಿಯೋ ನಟ್ ಐತಿ. ಇದು ಹಾರೋದರದು."

"ಸಾಲಿ ಬಿಟ್ಟಾಂವ ವಿಮಾನ ಹತ್ತ್ಯಾನ!" ಮಾವ ನಕ್ಕ.

ಸಾಹೇಬರು ನಗಲಿಲ್ಲ. "ಶಾಬಾಸ್! ರೇಡಿಯೋದಿಂದ ಹಾರಿಸೋ ಆಟಿಗಿ ವಿಮಾನದ್ದು. ನಮ್ಮಪ್ಪಂದು. ಅವರು ಹೋದ ಮ್ಯಾಲ ಓಡೇ ಇಲ್ಲ. ಚಾ ಕುಡದು ಬರ್ತೀನಿ, ಮುಟ್ಟಬ್ಯಾಡ."

ನನಗೆ ತಡೆಯಲಾಗಲಿಲ್ಲ. ಅದರ ಜಿಡ್ಡು ಒರೆಸಿ ಮೇಜಿನ ವೈಸಿನ ಇಕ್ಕಳದಲ್ಲಿ ಬಿಗಿದು, ಅವರು ಬಿಟ್ಟುಹೋಗಿದ್ದ ಚೀಲದಲ್ಲಿದ್ದ ಕಿಡಿಯ ಬ್ಯಾಟರಿ, ಕಟ್ಟಿಗೆಯ ಫ್ಯಾನು ಜೋಡಿಸಿ, ನಮ್ಮ ನೀರಿನ ಪಂಪುಗಳಿಗೆ ಹಾಕುವಂತೆ ಬರೀ ಪೆಟ್ರೋಲು ಹಾಕಿ ತಿರುವಿದೆ. ಅದು ಕಿರುಚುತ್ತಾ ಓಡಿತು. ನಾನು ಮಾವನ ಮುಖ ನೋಡುವಷ್ಟರಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಂತಿತು.

ಸಾಹೇಬರು ಓಡಿ ಬಂದರು. "ಪೆಟ್ರೋಲಿನಾಗ ಎಣ್ಣಿ ಕೂಡಿಸಿದ್ಯೋ ಇಲ್ಲೋ?"

ನಮ್ಮ ನೀರಿನ ಪಂಪುಗಳಲ್ಲಿ ಎಣ್ಣೆಗೆ ಬೇರೆ ಹೊಟ್ಟೆ ಇರುತ್ತದೆ. ಇದಕ್ಕೆ ಪೆಟ್ರೋಲಿನಲ್ಲೇ ಬೆರೆಸಬೇಕೆಂದು ನನಗೆ ಗೊತ್ತಿರಲಿಲ್ಲ. ಹೊಡೆಯಲು ಮಾವ ಕೈ ಎತ್ತಿದ. ಸಾಹೇಬರು ಆ ಕೈ ಹಿಡಿದು, ಇಂಜಿನ್ನನ್ನು ನನ್ನ ಕೈಗಿಟ್ಟು, "ಓಡಿಸಿದ ದಿನ ತಂದು ಕೊಡು" ಎಂದರು.

ಓಡಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಎಲ್ಲಿಗೆಂದು ಕ್ವಾರ್ಟರ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ನನಗಿರುವುದು ಎರಡು ಅಂಗಡಿ, ಮೂರು ಲೇಥು, ಒಂಬತ್ತು ಮಂದಿ ಕೆಲಸಗಾರರು, ಕೊಡದೆ ಉಳಿದ ಒಂದು ಇಂಜಿನ್.