ಮೇಷ್ಟ್ರ ಉದಾಹರಣೆ

"ನನ್ನ ಹೆಂಡತಿ ಒಲೆಯ ಮುಂದೆ ತೂಕಡಿಸಿದಳು. ಅವಳು ಹಾಲು ಉಕ್ಕಿಸಿದಳು." ಮೇಷ್ಟ್ರು ಈ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ದಪ್ಪಗೆ ಬರೆದು, ಪಾರ್ಟಿಸಿಪಲ್ ಬಳಸಿ ಒಂದೇ ವಾಕ್ಯ ಮಾಡಿ ಎಂದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ನಿಗೆ ಕೂತಿದ್ದ ಮಕ್ಕಳು ಗೊಳ್ಳೆಂದು ನಕ್ಕರು.

ಮೇಷ್ಟ್ರಿಗೆ ಉದಾಹರಣೆಗೇನು ಬರವಿತ್ತೇ? ವ್ಯಾಕರಣದ ಪುಸ್ತಕದಲ್ಲಿ ಕಳ್ಳನಿದ್ದ, ಪೊಲೀಸನಿದ್ದ, ಬೊಗಳುವ ನಾಯಿ, ಹೊರಟುಹೋದ ರೈಲು ಎಲ್ಲ ಇದ್ದವು. ಅವರಿಗೆ ಮಾತ್ರ ಹೆಂಡತಿಯೇ ಬೇಕು. ಅವಳು ಸಾರಿಗೆ ಉಪ್ಪು ಮರೆತದ್ದು, ಬೀಗದ ಕೈ ಕಳೆದದ್ದು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದು, ಎಲ್ಲವೂ ಬೋರ್ಡಿಗೆ ಬಂದುಹೋಗಿದ್ದವು. ಮನೆಯ ಉದಾಹರಣೆ ಕೊಟ್ಟರೆ ಮಕ್ಕಳ ತಲೆಗೆ ಹತ್ತುತ್ತದೆ ಎಂದು ಶಾಲೆಯಲ್ಲೂ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಅಡುಗೆಮನೆಯಲ್ಲಿದ್ದ ಹೆಂಡತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ 'ವೈಫ್' ಎಂಬ ಪದ ಗೊತ್ತಿತ್ತು, ಅದರ ಬೆನ್ನಿಗೇ ನಗು ಬರುವುದೂ ಗೊತ್ತಿತ್ತು. ಈಚೆಗೆ ಟ್ಯೂಷನ್ ಮುಗಿಯುವ ತನಕ ಅವಳು ಮುಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ಅಂಗಳದ ಬಟ್ಟೆ ತರಬೇಕಾದರೂ ಹಿಂಬಾಗಿಲಿನಿಂದ ಹೊರಟು ಮನೆ ಸುತ್ತಿ ಬರುತ್ತಿದ್ದಳು. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ಓಡಾಡುವ ಕರ್ಮ ಯಾವ ಹೆಂಗಸಿಗೂ ಬೇಡ.

ಆ ವರ್ಷ ಮೇಷ್ಟ್ರ ಮಗಳೂ ಟ್ಯೂಷನ್ನಿಗೆ ಕೂರುತ್ತಿದ್ದಳು. ಎಲ್ಲರೂ ನಗುವಾಗ ಅವಳು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. ಮೇಷ್ಟ್ರು ಅವಳತ್ತಲೇ ಬೆರಳು ತೋರಿಸಿ, ಇವಳೇ ಹೇಳಲಿ, ಬೆಳಿಗ್ಗೆ ಕಣ್ಣಾರೆ ಕಂಡವಳು ಎಂದರು. ಮತ್ತೆ ನಗು.

ಮಗಳು ಎದ್ದು ನಿಂತಳು. ಸಿಟ್ಟಿಗೆ ಕಿವಿಯೆಲ್ಲ ಕೆಂಪಾಗಿತ್ತು.

"ಒಂದು ವಾಕ್ಯ ಬಿಟ್ಟುಹೋಗಿದೆ ಅಪ್ಪ. ನಿಮ್ಮಮ್ಮನಿಗೆ ಜ್ವರ ಅಂತ ಅಮ್ಮ ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ಲು. ನೀವು ಮಲಗಿದ್ರಿ. ಅದನ್ನೂ ಬರೀರಿ, ಸೇರಿಸ್ತೀನಿ."

ನಗು ನಿಂತಿತು. ಮೇಷ್ಟ್ರ ಮುಖ ಮೊದಲು ಸಪ್ಪಗಾಯಿತು, ಆಮೇಲೆ ಬಿಗಿಯಿತು. ಇಷ್ಟು ಮಕ್ಕಳ ಮುಂದೆ ಮಗಳಿಗೆ ಸೋಲುವುದುಂಟೇ? ಡಸ್ಟರಿನಿಂದ ಮೇಜು ಕುಟ್ಟಿದರು.

"ಇಲ್ಲಿ ನಾನು ನಿನ್ನ ಅಪ್ಪ ಅಲ್ಲ. ಸರ್ ಅಂತ ಕರಿ."

ಮಗಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಪಾತ್ರೆಯ ಸದ್ದೂ ನಿಂತುಹೋಗಿತ್ತು.

"ಆಯ್ತು ಸರ್," ಎಂದಳು. "ಹಾಗಾದ್ರೆ ನಮ್ಮಮ್ಮನ ವಿಷಯ ಮಾತಾಡೋಕೆ ನೀವ್ಯಾರು?"