ರಜಾಯಿಯೊಳಗಿನ ಕಾಲುಗಳು

ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ಈಗಲೂ ನನ್ನ ಪಾದ ತಣ್ಣಗಾಗುತ್ತದೆ.

ನನಗಾಗ ಎಂಟು ವರ್ಷ. ಇಂಗ್ಲೆಂಡಿನಲ್ಲಿ ನಾವಿದ್ದ ಹ್ಯಾರೋದ ಹೋಟೆಲಿನಲ್ಲಿ ಅಡುಗೆಗಿದ್ದ ಅಪ್ಪಯ್ಯ ಜಪಾನಿಗೆ ಕೆಲಸಕ್ಕೆ ಹೋಗಿ ಎರಡನೇ ಚಳಿಗಾಲ. ಅಲ್ಲಿ ಅಡುಗೆಯವರ ಜೊತೆ ರೂಮಿನಲ್ಲಿದ್ದಾರೆ ಎಂದೇ ನಾವು ತಿಳಿದಿದ್ದೆವು. ಶನಿವಾರ ಮಧ್ಯಾಹ್ನ ಬಂದ ಅವರ ಕಾಗದವನ್ನು ಅಮ್ಮ ಗಟ್ಟಿಯಾಗಿ ಓದಿದಳು. ಅಲ್ಲಿ ಮನೆಯಿಡೀ ಬಿಸಿ ಮಾಡುವುದಿಲ್ಲವಂತೆ. ಗಿಡ್ಡ ಮೇಜಿಗೆ ರಜಾಯಿ ಹೊದಿಸಿ, ಅಡಿಯಲ್ಲಿ ಹೀಟರಿಟ್ಟು, ಎಲ್ಲರೂ ಅದರೊಳಗೆ ಕಾಲು ಚಾಚಿ ಕಿತ್ತಳೆ ತಿನ್ನುತ್ತಾರಂತೆ.

“ನಾವೂ ಹಾಂಗೇ ಕೂಕಂಬ, ಬಾ ಮಗಾ” ಎಂದ ಅಮ್ಮ, ಟೀಪಾಯಿಗೆ ನನ್ನ ರಜಾಯಿ ಹೊದಿಸಿ ಕೆಳಗೆ ಬಿಸಿನೀರಿನ ಚೀಲ ಇಟ್ಟಳು. ಅವಳ ಒಡೆದ ಹಿಮ್ಮಡಿ ನನ್ನ ಪಾದಕ್ಕೆ ಒರಟಾಗಿ ತಾಗುತ್ತಿತ್ತು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಅವಳು ಮುಂದೆ ಓದಿದಳು: “ಕೆಲಸ ಮುಗಿಸಿ ಬಂದು ನಾನು ಕಾಲು ಒಳಗಿಟ್ಟರೆ ಸಾಕು, ತಣ್ಣಗಿದೆ ಎಂದು ಮಗು ಕಿರುಚಿ ನಗುತ್ತದೆ.”

“ಹೂಸ್ ಬೇಬಿ, ಅಮ್ಮಾ? ಯಾರ ಮಗು?”

ಅಮ್ಮ ಆ ಸಾಲನ್ನು ಇನ್ನೊಮ್ಮೆ, ಸದ್ದಿಲ್ಲದೆ ಓದಿದಳು.

“ನೀ ಹಣ್ ತಿನ್ ಮಗಾ.”

ಕಾಗದ ಮಡಚಿಟ್ಟು, ರಜಾಯಿಯಿಂದ ಒಂದೊಂದೇ ಕಾಲು ಹೊರಗೆಳೆದುಕೊಂಡು ಎದ್ದು ಹೋದಳು. ಚೀಲದ ನೀರು ಆರುವವರೆಗೂ ನಾನೊಬ್ಬಳೇ ಕಾಲು ಚಾಚಿ ಕೂತಿದ್ದೆ.