ಬಾಯರ್ಲೆಯವರ ಪದಕ

ಮೇಲಿನ ಮನೆಯ ಬಾಯರ್ಲೆಯವರು ತೀರಿಕೊಂಡದ್ದು ಗೊತ್ತಾದದ್ದು ಮಂಗಳವಾರ ಹನ್ನೊಂದೂವರೆಗೆ, ಪೊಲೀಸರು ಬಾಗಿಲು ಒಡೆದಾಗ. ಏನೋ ಸರಿಯಿಲ್ಲವೆಂದು ಗೌರಕ್ಕನಿಗೆ ಮಾತ್ರ ಬೆಳಿಗ್ಗೆ ಏಳಕ್ಕೇ ಗೊತ್ತಾಗಿತ್ತು. ದಿನವೂ ಏಳಕ್ಕೆ ಸರಿಯಾಗಿ ಆ ಮುದುಕರ ಕಿಟಕಿಯ ಶಟರ್ ಗರಗರ ಮೇಲೇರುತ್ತಿತ್ತು. ಆ ಸದ್ದು ಕೇಳಿಯೇ ಆಕೆ ಲಿಂಗಪೂಜೆಗೆ ಕೂರುತ್ತಿದ್ದಳು. ಅಂದು ಸದ್ದಿಲ್ಲ.

"ಸಂತೋಷ, ಮ್ಯಾಲಿನ ಅಜ್ಜಾರ ಶಟರ್ ಎದ್ದಿಲ್ಲೋ. ಒಂಚೂರು ಹೋಗಿ ನೋಡಿ ಬಾ."

ಮಗ, ಜರ್ಮನಿಯವರು ಕಂಪ್ಯೂಟರ್ ಕೆಲಸಗಾರರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬೊಬ್ಲಿಂಗೆನ್‌ಗೆ ಬಂದು ಎರಡು ವರ್ಷವಾಗಿತ್ತು. ಬೂಟಿನ ಲೇಸು ಕಟ್ಟುತ್ತ ಹೇಳಿದ: "ಯವ್ವಾ, ಇದು ಗದಗ ಅಲ್ಲ. ಇಲ್ಲೆ ಹಂಗ ಮಂದಿ ಮನಿ ಬೆಲ್ ಒತ್ತಂಗಿಲ್ಲ. ದಿನ, ಟೈಮ್ ಮೊದಲ ಗೊತ್ತ ಮಾಡಿ ಟರ್ಮಿನ್ ತಗೋಬೇಕು."

"ಸಾಯಾಕೂ ಟರ್ಮಿನ್ ಬೇಕೇನೋ?"

"ಬೇಕು ಅಂತ ತಿಳಕೋ," ಎಂದು ಅವನು ರೈಲಿಗೆ ಓಡಿದ.

ಗೌರಕ್ಕ ಮಗನ ಮಾತು ಕೇಳಿದಳು. ರೊಟ್ಟಿ ಬಡಿದಳು. ಮೆಟ್ಟಿಲು ಗುಡಿಸಿದಳು. ಅಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಬೇಕು; ಆ ವಾರದ ಸರದಿ ಬಾಯರ್ಲೆಯವರದು, ಸರದಿಯ ಹಲಗೆ ಅವರ ಬಾಗಿಲಿಗೇ ತೂಗುತ್ತಿತ್ತು. ಮೂರು ಸಲ ಆ ಬಾಗಿಲ ತನಕ ಹೋಗಿ ಬಂದಳು. ಹನ್ನೊಂದಕ್ಕೆ ಬೆಲ್ ಒತ್ತಿದಳು. ಆಮೇಲೆ ಮಗನಿಗೆ ಫೋನು ಮಾಡಿದಳು. ಮಗ ಪೊಲೀಸರಿಗೆ ಮಾಡಿದ.

ಗುರುವಾರ ಬಾಯರ್ಲೆಯವರ ಮಗಳು ಕಾರ್ಲ್ಸ್‌ರುಹೆಯಿಂದ ಬಂದು ಗೌರಕ್ಕನ ಕೈಗೆ ಒಂದು ಡಬ್ಬಿ ಕೊಟ್ಟಳು. ಒಳಗೆ ಬೆಳ್ಳಿಯ ಪದಕ, ರಾಜರ ಕಾಲದ್ದು. ಜೀವ ಉಳಿಸಿದವರಿಗೆ ಕೊಡುತ್ತಿದ್ದದ್ದು. ಗೌರಕ್ಕ ಅದನ್ನು ಬಲ್ಲಳು. ಹೋಳಿಗೆ ಕೊಡಲು ಹೋದಾಗ ಮುದುಕರು ಅದನ್ನು ಗೋಡೆಯಿಂದ ಇಳಿಸಿ, ನಡುಮನೆಯಲ್ಲಿ ನಿಂತು ಗಾಳಿಯಲ್ಲೇ ಈಜಿ, ತಮ್ಮ ತಂದೆ ಕೆರೆಯಿಂದ ಇಬ್ಬರು ಹುಡುಗಿಯರನ್ನು ಎಳೆದು ತಂದದ್ದನ್ನು ಮಾಡಿ ತೋರಿಸಿದ್ದರು. ಮರುದಿನ ತಟ್ಟೆ ತೊಳೆದು, ಬರಿದಾಗಿ ಕೊಡದೆ, ಒಂದು ಸೇಬು ಇಟ್ಟು ಕಳಿಸಿದ್ದರು.

"ಏನಂತಾಳೋ?" ಗೌರಕ್ಕ ಮಗನನ್ನು ಕೇಳಿದಳು.

"ಒಬ್ಬರ ಇರೋ ಮುದುಕರು ಸತ್ತರ ಇಲ್ಲೆ ವಾರಗಟ್ಟಲೆ ಗೊತ್ತಾಗಂಗಿಲ್ಲಂತ. ನೀ ಅವತ್ತ ಗೊತ್ತು ಹಚ್ಚಿದಿ, ಅದಕ್ಕ ಇದು ನಿನಗಂತ. ಅವತ್ತ ಮುಂಜಾನೆ ಒಂಬತ್ತರ ಸುಮಾರಿಗೆ ಜೀವ ಹೋಗೇತಿ ಅಂದರಂತ ಡಾಕ್ಟರು."

ಗೌರಕ್ಕ ಡಬ್ಬಿ ಮುಚ್ಚಿದಳು. "ನನಗ ಏಳಕ್ಕ ಗೊತ್ತಾಗಿತ್ತು, ಬೆಲ್ ಒತ್ತಿದ್ದು ಹನ್ನೊಂದಕ್ಕ. ಹಂಗಂತ ಹೇಳು."

ಸಂತೋಷ ಜರ್ಮನ್ ಭಾಷೆಯಲ್ಲಿ ಏನೋ ಹೇಳಿದ. ಆ ಹೆಂಗಸು ಕಣ್ಣೊರೆಸಿಕೊಂಡು ಗೌರಕ್ಕನನ್ನು ತಬ್ಬಿಕೊಂಡಳು. ಮಗ ಹೇಳಿದ್ದು ಅದಲ್ಲವೆಂದು ತಿಳಿಯಲು ಗೌರಕ್ಕನಿಗೆ ಜರ್ಮನ್ ಬರಬೇಕಾಗಿರಲಿಲ್ಲ.

ಶನಿವಾರ ಸ್ಮಶಾನದ ಹಜಾರದಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ಗೌರಕ್ಕ ಹತ್ತಿರ ಹೋಗಿ ಸೆರಗಿನ ಗಂಟು ಬಿಚ್ಚಿದಳು.

"ಯವ್ವಾ, ಕೇಳದ ಏನೂ ಮಾಡಬ್ಯಾಡ," ಮಗ ಪಿಸುಗುಟ್ಟಿದ.

ಈ ಸಲ ಗೌರಕ್ಕ ಅವನ ಮಾತು ಕೇಳಲಿಲ್ಲ. ತಮ್ಮವರನ್ನು ಮಣ್ಣಿಗೆ ಕಳಿಸುವಾಗ ಅಂಗೈಯಲ್ಲಿ ಲಿಂಗವಿಡುವಂತೆ, ಮುದುಕರ ಎಡ ಅಂಗೈಯಲ್ಲಿ ಪದಕವಿಟ್ಟು ಕೈಮುಗಿದಳು.

"ಶಿವನೇ, ಇವರ ಜೀವಕ್ಕ ಶಾಂತಿ ಕೊಡು. ಟರ್ಮಿನ್ ಇಲ್ಲದ ಬಂದಾರ, ಬಾಗಲದಾಗ ನಿಂದರಿಸಬ್ಯಾಡ."